ಬಿಸಿಲುಕೋಲಿನ ಬೆನ್ನು ಹತ್ತಿ

ದಾವಣಗೆರೆಯಿಂದ ಹದಡಿ ರಸ್ತೆ ಹಿಡಿದು ಹೊರಟರೆ, ಪೇಟೆಯ ಗದ್ದಲ ಮುಗಿಯುವ ಹೊತ್ತಿಗೆ ಭದ್ರಾ ನಾಲೆಯ ನೀರು ಕಂಡ ಗದ್ದೆ, ತೋಟಗಳು ಎದುರಾಗುತ್ತವೆ. ಚಳಿಗಾಲದ ಮುಂಜಾನೆ ಅಡಿಕೆ ತೋಟದ ಅಂಚಿನಲ್ಲಿ ನಿಂತವರಿಗೆ ಮರಗಳ ಸಾಲಿನ ನಡುವೆ ಓರೆಯಾಗಿ ಇಳಿದ ಬಿಸಿಲು ಕಾಣುತ್ತದೆ. ತೋಟಕ್ಕೆ ನೀರು ಹಾಯಿಸಿದ್ದು, ಗಾಳಿಯಲ್ಲಿ ತೆಳು ಮಂಜು ಇದ್ದರಂತೂ ಆ ಬಿಸಿಲು ಕೈಯಲ್ಲಿ ಹಿಡಿಯಬಹುದಾದ ಕೋಲಿನಂತೆ ತೋರುತ್ತದೆ. ಇದನ್ನು ಕಂಡವರು ಸುಮ್ಮನೆ ಮುಂದೆ ಹೋಗುವುದು ಕಡಿಮೆ. ಜೇಬಿನಲ್ಲಿರುವ ಮೊಬೈಲ್ ಹೊರಬರುತ್ತದೆ, ಚಿತ್ರವೊಂದು ದಾಖಲಾಗುತ್ತದೆ. ಮನೆಗೆ ಬಂದು ನೋಡಿದರೆ ಅದರಲ್ಲಿ ಮರಗಳಿವೆ, ಬೆಳಕಿದೆ, ಆದರೆ ಕಂಡ ಬಿಸಿಲು ಮಾತ್ರ ಇಲ್ಲ.

ತೋಟದಲ್ಲಿಯೇ ಹೀಗಾದರೆ ಕಾಡಿನಲ್ಲಿ ಕೇಳಬೇಕೇ? ಕುಮಾರಪರ್ವತ, ಕೊಡಚಾದ್ರಿ, ಕುದುರೆಮುಖ ಎಂದು ವಾರಾಂತ್ಯದಲ್ಲಿ ಚಾರಣ ಹೊರಡುವವರ ಸಂಖ್ಯೆ ಕಳೆದ ಎರಡು ದಶಕಗಳಲ್ಲಿ ಬಹಳ ಬೆಳೆದಿದೆ. ಅವರಲ್ಲಿ ಹೆಚ್ಚಿನವರು ತರುವ ಚಿತ್ರಗಳಲ್ಲಿ ಕಾಡು ಒಂದೋ ಕಪ್ಪು ಮುದ್ದೆಯಾಗಿರುತ್ತದೆ, ಇಲ್ಲವೇ ಬಿಳಿಚಿಕೊಂಡಿರುತ್ತದೆ. ಕ್ಯಾಮೆರಾದ ಬೆಲೆ ಹೆಚ್ಚಾದಷ್ಟೂ ಈ ತೊಂದರೆ ತಪ್ಪುತ್ತದೆ ಎಂಬ ನಂಬಿಕೆ ಇದೆ. ಅದು ಪೂರ್ತಿ ನಿಜವಲ್ಲ. ಕಾಡಿನ ಬಿಸಿಲನ್ನು ಚಿತ್ರದಲ್ಲಿ ಹಿಡಿಯಬೇಕಾದರೆ ಆ ಬಿಸಿಲು ಹೇಗೆ ಉಂಟಾಗುತ್ತದೆ ಎಂಬುದನ್ನು ಮೊದಲು ತಿಳಿಯಬೇಕು. ಅದನ್ನು ತಿಳಿಯಹೊರಟವರಿಗೆ ಕಾಡಿನ ಬಗೆಗೂ ಹಲವು ಸಂಗತಿಗಳು ತಿಳಿಯುತ್ತವೆ.

ಹೆಸರಿನಲ್ಲೇ ನೆರಳು

ಕನ್ನಡಿಗರಿಗೆ ಬಿಸಿಲು ಹೊಸತಲ್ಲ. ಅದಕ್ಕೇ ಅದರ ಬಗೆಗಳಿಗೆಲ್ಲ ನಮ್ಮಲ್ಲಿ ಬೇರೆ ಬೇರೆ ಮಾತುಗಳಿವೆ. ಬೆಳಗಿನದು ಎಳೆಬಿಸಿಲು, ಸಂಜೆಯದು ಹೊಂಬಿಸಿಲು, ನೆತ್ತಿಯ ಮೇಲಿನದು ಸುಡುಬಿಸಿಲು, ಮಳೆಯ ನಡುವೆ ಇಣುಕುವುದು ಹೂಬಿಸಿಲು. ದೂರದ ಬಯಲಲ್ಲಿ ನೀರಿನಂತೆ ತೋರಿ ಮೋಸ ಮಾಡುವುದು ಬಿಸಿಲುಗುದುರೆ. ಹೆಂಚಿನ ಸಂದಿಯಿಂದ, ಕಿಟಕಿಯ ಬಿರುಕಿನಿಂದ, ಎಲೆಗಳ ಎಡೆಯಿಂದ ಗೆರೆ ಎಳೆದಂತೆ ಇಳಿಯುವುದು ಬಿಸಿಲುಕೋಲು. ಎಲೆಗಳ ನಡುವೆ ತೂರಿ ಬರುವ ಬೆಳಕಿಗೆ ಜಪಾನೀ ಭಾಷೆಯಲ್ಲಿ 'ಕೊಮೊರೆಬಿ' ಎಂಬ ಪದವಿದೆ ಎಂದು ಇತ್ತೀಚೆಗೆ ಹಲವರು ಬೆರಗಿನಿಂದ ಹೇಳುವುದುಂಟು. ನಮ್ಮ ಹಂಚಿನ ಮನೆಗಳಲ್ಲಿ ಬೆಳೆದವರಿಗೆ ಬಿಸಿಲುಕೋಲು ಅಷ್ಟೇ ಪರಿಚಿತವಾದ ಮಾತು.

ಛಾಯಾಚಿತ್ರ ಎಂಬ ಪದವೂ ಗಮನಿಸಬೇಕಾದದ್ದು. 1839ರಲ್ಲಿ ಇಂಗ್ಲೆಂಡಿನ ವಿಜ್ಞಾನಿ ಜಾನ್ ಹರ್ಷೆಲ್ ಬಳಕೆಗೆ ತಂದ 'ಫೋಟೋಗ್ರಫಿ' ಎಂಬ ಪದಕ್ಕೆ ಗ್ರೀಕ್ ಮೂಲದಲ್ಲಿ ಬೆಳಕಿನಿಂದ ಬರೆಯುವುದು ಎಂಬ ಅರ್ಥವಿದೆ. ನಾವು ಅದೇ ಕಲೆಗೆ ಇಟ್ಟುಕೊಂಡ ಹೆಸರು ನೆರಳಿನದು. ಛಾಯೆ ಎಂದರೆ ನೆರಳು. ಛಾಯಾಗ್ರಾಹಕ ಎಂದರೆ ನೆರಳನ್ನು ಹಿಡಿಯುವವನು. ಮದುವೆ ಮನೆಯಲ್ಲಿ, ಸ್ಟುಡಿಯೋದಲ್ಲಿ ಈ ಎರಡು ಹೆಸರುಗಳ ಅಂತರ ಅಷ್ಟಾಗಿ ಕಾಡುವುದಿಲ್ಲ. ಕಾಡಿನೊಳಗೆ ಹೋದಾಗ ಮಾತ್ರ ನಮ್ಮ ಹೆಸರೇ ಹೆಚ್ಚು ಉಪಯುಕ್ತ ಎನಿಸುತ್ತದೆ. ಏಕೆಂದರೆ ಅಲ್ಲಿ ಬಿಸಿಲಿಗೆ ಆಕಾರ ಕೊಡುವುದು ಅದರ ಸುತ್ತಲಿನ ನೆರಳು.

ಕಣ್ಣು ಬೇರೆ, ಕ್ಯಾಮೆರಾ ಬೇರೆ

ಬಯಲಿನಲ್ಲಿ ನೆತ್ತಿಯ ಬಿಸಿಲಿದ್ದಾಗ ಬೀಳುವ ಬೆಳಕಿನ ಪ್ರಮಾಣ ಸುಮಾರು ಒಂದು ಲಕ್ಷ ಲಕ್ಸ್. ದಟ್ಟ ಮಳೆಕಾಡಿನ ನೆಲಕ್ಕೆ ಇದರಲ್ಲಿ ನೂರಕ್ಕೆ ಒಂದೆರಡು ಪಾಲು ಮಾತ್ರ ತಲುಪುತ್ತದೆ. ಅಂದರೆ ಅದೇ ಕಾಡಿನಲ್ಲಿ ಬಿಸಿಲು ಬಿದ್ದ ಒಂದು ಎಲೆಗೂ ಅದರ ಪಕ್ಕದಲ್ಲಿ ನೆರಳಿನಲ್ಲಿರುವ ಎಲೆಗೂ ನೂರು ಪಟ್ಟಿನಷ್ಟು ವ್ಯತ್ಯಾಸವಿರಬಹುದು. ಮನುಷ್ಯನ ಕಣ್ಣಿಗೆ ಇದು ದೊಡ್ಡ ತೊಡಕಲ್ಲ. ಕಣ್ಣು ಒಂದೆಡೆಯಿಂದ ಇನ್ನೊಂದೆಡೆಗೆ ಹೊರಳಿದಂತೆಲ್ಲ ಪಾಪೆ ಹಿಗ್ಗುತ್ತದೆ, ಕುಗ್ಗುತ್ತದೆ. ಮಿದುಳು ತುಣುಕುಗಳನ್ನು ಸೇರಿಸಿ ಒಂದು ಇಡಿಯ ನೋಟವನ್ನು ಕಟ್ಟಿಕೊಡುತ್ತದೆ. ಕ್ಯಾಮೆರಾಕ್ಕೆ ಈ ಸೌಲಭ್ಯವಿಲ್ಲ. ಅದು ಇಡೀ ದೃಶ್ಯಕ್ಕೆ ಒಂದೇ ಅಳತೆಯ ಬೆಳಕನ್ನು ಒಳಗೆ ಬಿಟ್ಟುಕೊಳ್ಳುತ್ತದೆ.

ಫಿಲ್ಮಿನ ಕಾಲದಲ್ಲಿ ಇದು ದೊಡ್ಡ ಪರೀಕ್ಷೆಯೇ ಆಗಿತ್ತು. ಬಣ್ಣದ ಸ್ಲೈಡ್ ಫಿಲ್ಮು ಅತಿ ಬೆಳಕಿಗೂ ಅತಿ ಕತ್ತಲೆಗೂ ನಡುವೆ ಸುಮಾರು 30 ಪಟ್ಟು ವ್ಯತ್ಯಾಸವನ್ನಷ್ಟೇ ತಾಳಿಕೊಳ್ಳುತ್ತಿತ್ತು. ಕಾಡಿನಲ್ಲಿರುವುದು ಅದಕ್ಕೆ ಮೂರು ಪಟ್ಟು. ಹೀಗಾಗಿ ಛಾಯಾಗ್ರಾಹಕ ಆಯ್ಕೆ ಮಾಡಲೇಬೇಕಿತ್ತು: ಬಿಸಿಲನ್ನು ಉಳಿಸಿಕೊಂಡರೆ ನೆರಳು ಕಪ್ಪಾಗುತ್ತದೆ, ನೆರಳಿನ ವಿವರ ಬೇಕೆಂದರೆ ಬಿಸಿಲು ಬೆಳ್ಳಗೆ ಸುಟ್ಟುಹೋಗುತ್ತದೆ. ಅನುಭವಸ್ಥರು ಬಿಸಿಲನ್ನೇ ಉಳಿಸಿಕೊಳ್ಳುತ್ತಿದ್ದರು. ಬೆಳಕು ಮಾಪಕವನ್ನು ಬಿಸಿಲು ಬಿದ್ದ ಎಲೆಯ ಕಡೆ ಹಿಡಿದು ಅಳೆದು, ಉಳಿದದ್ದನ್ನು ಕತ್ತಲೆಗೆ ಬಿಟ್ಟುಬಿಡುತ್ತಿದ್ದರು. ಕತ್ತಲೆ ಉಳಿದದ್ದರಿಂದಲೇ ಬಿಸಿಲುಕೋಲು ಎದ್ದು ಕಾಣುತ್ತಿತ್ತು.

ಮಾಪಕವಿಲ್ಲದವರಿಗೂ ಒಂದು ಹಳೆಯ ಸೂತ್ರವಿತ್ತು. ಪೂರ್ಣ ಬಿಸಿಲಿನಲ್ಲಿ ದ್ಯುತಿರಂಧ್ರವನ್ನು ಎಫ್/16ಕ್ಕೆ ಇಟ್ಟು, ಫಿಲ್ಮಿನ ವೇಗ 100 ಇದ್ದರೆ ಷಟರನ್ನು ಸೆಕೆಂಡಿನ 125ನೇ ಒಂದು ಭಾಗಕ್ಕೆ ಇಡಬೇಕು. ಸೂರ್ಯ ಒಬ್ಬನೇ ಆದ್ದರಿಂದ, ಬಯಲಿನ ಈ ಲೆಕ್ಕ ಕಾಡಿನೊಳಗೆ ಪೂರ್ಣ ಬಿಸಿಲು ಬಿದ್ದ ಎಲೆಗೂ ಸರಿಹೊಂದುತ್ತದೆ. ಇಂದಿನ ಡಿಜಿಟಲ್ ಕ್ಯಾಮೆರಾದಲ್ಲೂ ಇದನ್ನು ಪರೀಕ್ಷಿಸಿ ನೋಡಬಹುದು.

ಡಿಜಿಟಲ್ ಕ್ಯಾಮೆರಾಗಳು ಸ್ಲೈಡ್ ಫಿಲ್ಮಿಗಿಂತ ಬಹುಪಟ್ಟು ಹೆಚ್ಚು ವ್ಯತ್ಯಾಸವನ್ನು ದಾಖಲಿಸಬಲ್ಲವು. ಮೊಬೈಲುಗಳು ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ ಬೇರೆ ಬೇರೆ ಅಳತೆಯ ಹಲವು ಚಿತ್ರಗಳನ್ನು ಕ್ಷಣಾರ್ಧದಲ್ಲಿ ತೆಗೆದು ಒಂದಾಗಿ ಬೆಸೆಯುತ್ತವೆ. ಹೊಸ ತೊಡಕು ಇಲ್ಲಿದೆ. ನೆರಳನ್ನು ತಿಳಿಯಾಗಿಸಿ, ಬಿಸಿಲನ್ನು ತಗ್ಗಿಸಿ, ಎರಡನ್ನೂ ಸಮಮಾಡುವುದು ಯಂತ್ರದ ಉದ್ದೇಶ. ಎಲ್ಲವೂ ಚೆನ್ನಾಗಿ ಕಾಣುವ ಅಂಥ ಚಿತ್ರದಲ್ಲಿ ಬಿಸಿಲುಕೋಲು ಸುತ್ತಲಿನ ಬೆಳಕಿನಲ್ಲಿ ಕರಗಿಹೋಗುತ್ತದೆ. ಇದಕ್ಕೆ ಪರಿಹಾರ ಸರಳ. ಪರದೆಯ ಮೇಲೆ ಬಿಸಿಲು ಬಿದ್ದ ಜಾಗವನ್ನು ಬೆರಳಿನಿಂದ ಮುಟ್ಟಿ, ಬೆಳಕಿನ ಪ್ರಮಾಣವನ್ನು ಕೈಯಾರೆ ಕೆಳಗಿಳಿಸಬೇಕು. ನೆರಳು ಕಪ್ಪಾಗುತ್ತಿದ್ದಂತೆ ಬಿಸಿಲಿಗೆ ಮತ್ತೆ ಜೀವ ಬರುತ್ತದೆ.

ಕೋಲು ಮೂಡುವ ಬಗೆ

ಬೆಳಕಿನ ಕಿರಣ ಪಕ್ಕದಿಂದ ನೋಡುವವರಿಗೆ ಕಾಣುವಂಥದ್ದಲ್ಲ. ಗಾಳಿ ಪೂರ್ತಿ ಶುಭ್ರವಾಗಿದ್ದರೆ ಎಲೆಗಳ ನಡುವೆ ತೂರಿ ಬಂದ ಬಿಸಿಲು ನೆಲ ಮುಟ್ಟಿದಾಗ ಮಾತ್ರ ಗೊತ್ತಾಗುತ್ತದೆ. ನಡುದಾರಿಯಲ್ಲಿ ಅದು ಕಾಣಬೇಕಾದರೆ ಗಾಳಿಯಲ್ಲಿ ಮಂಜಿನ ಹನಿ, ದೂಳು, ಹೊಗೆ ಇಲ್ಲವೇ ಹೂವಿನ ಪರಾಗ ತೇಲುತ್ತಿರಬೇಕು. ಈ ಕಣಗಳಿಗೆ ತಾಗಿದ ಬೆಳಕು ಚದುರಿ ಅದರಲ್ಲೊಂದು ಪಾಲು ನಮ್ಮ ಕಣ್ಣಿಗೆ ಬರುತ್ತದೆ. 1860ರ ದಶಕದ ಕೊನೆಯಲ್ಲಿ ಐರ್ಲೆಂಡ್ ಮೂಲದ ಭೌತವಿಜ್ಞಾನಿ ಜಾನ್ ಟಿಂಡಲ್ ಈ ಚದುರುವಿಕೆಯನ್ನು ವಿವರವಾಗಿ ಅಭ್ಯಸಿಸಿದ. ಹಾಗಾಗಿ ಇದಕ್ಕೆ ಟಿಂಡಲ್ ಪರಿಣಾಮ ಎಂಬ ಹೆಸರು ಬಂದಿದೆ. ಸಿನಿಮಾ ಟಾಕೀಸಿನ ಕತ್ತಲಲ್ಲಿ ಪ್ರೊಜೆಕ್ಟರಿನಿಂದ ಹೊರಡುವ ಬೆಳಕಿನ ಪಟ್ಟಿ ಕಾಣುವುದೂ ಇದೇ ಕಾರಣದಿಂದ.

ಮಂಜಿನ ಹನಿಗಳು ಬೆಳಕನ್ನು ಎಲ್ಲ ಕಡೆಗೂ ಸಮನಾಗಿ ಚದುರಿಸುವುದಿಲ್ಲ. ಬೆಳಕು ಸಾಗುತ್ತಿದ್ದ ದಿಕ್ಕಿಗೇ ಹೆಚ್ಚಾಗಿ ಕಳುಹಿಸುತ್ತವೆ. ಆದ್ದರಿಂದ ಸೂರ್ಯನಿಗೆ ಬೆನ್ನು ಮಾಡಿ ನಿಂತವರಿಗೆ ಬಿಸಿಲುಕೋಲು ಮಸುಕಾಗಿಯೂ, ಸೂರ್ಯನ ಕಡೆ ಮುಖ ಮಾಡಿದವರಿಗೆ ಸ್ಪಷ್ಟವಾಗಿಯೂ ಕಾಣುತ್ತದೆ. ಸೂರ್ಯ ಬೆನ್ನ ಹಿಂದಿರಬೇಕು ಎಂಬ ಸ್ಟುಡಿಯೋ ಕಾಲದ ಪಾಠವನ್ನು ಇಲ್ಲಿ ತಿರುವು ಮುರುವು ಮಾಡಬೇಕಾಗುತ್ತದೆ. ಸೂರ್ಯಬಿಂಬವನ್ನು ಮರದ ಕಾಂಡದ ಹಿಂದೆ ಮರೆಮಾಡಿ ನಿಂತರೆ ಮಸೂರದೊಳಗೆ ಅಡ್ಡಬೆಳಕು ಹೊಕ್ಕು ಚಿತ್ರ ಕೆಡುವುದೂ ತಪ್ಪುತ್ತದೆ. ಬಿಂಬ ಕಾಂಡದ ಅಂಚಿನಿಂದ ತುಸುವೇ ಇಣುಕುವಂತೆ ಮಾಡಿ ದ್ಯುತಿರಂಧ್ರವನ್ನು ಕಿರಿದಾಗಿಸಿದರೆ ಸೂರ್ಯ ನಕ್ಷತ್ರದಂತೆ ಮೂಡುತ್ತಾನೆ. ರಂಧ್ರದ ಅಂಚಿನಲ್ಲಿ ಬೆಳಕು ಬಾಗುವುದರಿಂದ ಹೀಗಾಗುತ್ತದೆ. ರಂಧ್ರವನ್ನು ಮುಚ್ಚುವ ಅಲಗುಗಳ ಸಂಖ್ಯೆ ಸಮವಾಗಿದ್ದರೆ ಅಷ್ಟೇ ಕಿರಣಗಳು, ಬೆಸವಾಗಿದ್ದರೆ ಅದರ ಎರಡರಷ್ಟು ಕಿರಣಗಳು ಚಿತ್ರದಲ್ಲಿ ಕಾಣುತ್ತವೆ. ಆದರೆ ಟೆಲಿಫೋಟೋ ಮಸೂರದ ಗಾಜಿನ ಕಿಂಡಿಯಲ್ಲಿ ಕಣ್ಣಿಟ್ಟು ನೇರವಾಗಿ ಸೂರ್ಯನನ್ನು ನೋಡುವುದು ದೃಷ್ಟಿಗೇ ಅಪಾಯ.

ಇನ್ನೊಂದು ಕೌತುಕವೂ ಇದೆ. ಚಿತ್ರಗಳಲ್ಲಿ ಬಿಸಿಲುಕೋಲುಗಳು ಬೀಸಣಿಗೆಯಂತೆ ಅಗಲವಾಗಿ ಹರಡಿಕೊಂಡಿರುತ್ತವೆ. ವಾಸ್ತವವಾಗಿ ಅವು ಹೆಚ್ಚುಕಡಿಮೆ ಸಮಾನಾಂತರವಾಗಿವೆ. ರೈಲು ಹಳಿಗಳು ದೂರದಲ್ಲಿ ಒಂದಾದಂತೆ ತೋರುವ ದೃಷ್ಟಿಭ್ರಮೆಯೇ ಇಲ್ಲಿಯೂ ಕೆಲಸ ಮಾಡುತ್ತದೆ.

ಎಲೆ ಸಂದಿಯೆಂಬ ಕ್ಯಾಮೆರಾ

ಮರದ ಕೆಳಗೆ ನೆಲದ ಮೇಲೆ ಬೀಳುವ ಬಿಸಿಲಿನ ಚುಕ್ಕೆಗಳನ್ನು ನೋಡಿದರೆ ಮತ್ತೊಂದು ವಿಚಿತ್ರ ಎದುರಾಗುತ್ತದೆ. ಎಲೆಗಳ ನಡುವಿನ ಸಂದಿಗಳಲ್ಲಿ ಕೆಲವು ಮೂರು ಮೂಲೆಯವು, ಕೆಲವು ಉದ್ದನೆಯವು, ಕೆಲವು ಅಂಕುಡೊಂಕಿನವು. ಆದರೂ ಸಣ್ಣ ಸಂದಿಗಳಿಂದ ಬಂದ ಚುಕ್ಕೆಗಳು ದುಂಡಗೆ, ಇಲ್ಲವೇ ಬಿಸಿಲು ಓರೆಯಾಗಿದ್ದರೆ ಮೊಟ್ಟೆಯಾಕಾರದಲ್ಲಿ ಇರುತ್ತವೆ. ಅರಿಸ್ಟಾಟಲನ ಹೆಸರಿನಲ್ಲಿರುವ ಪ್ರಾಚೀನ ಗ್ರೀಕ್ ಗ್ರಂಥವೊಂದರಲ್ಲಿಯೇ ಇದರ ಕುರಿತ ಪ್ರಶ್ನೆ ಇದೆ. ಹನ್ನೊಂದನೆಯ ಶತಮಾನದ ಅರಬ್ ವಿದ್ವಾಂಸ ಇಬ್ನ್ ಅಲ್-ಹೈಥಮ್ ಸಣ್ಣ ರಂಧ್ರದ ಮೂಲಕ ಗ್ರಹಣದ ಬಿಂಬ ಮೂಡುವ ಬಗೆಯನ್ನು ಕುರಿತು ಬರೆದಿದ್ದಾನೆ. ಉತ್ತರ ಇಷ್ಟೇ: ಪ್ರತಿಯೊಂದು ಸಣ್ಣ ಸಂದಿಯೂ ಮಸೂರವಿಲ್ಲದ ಒಂದು ಕ್ಯಾಮೆರಾ, ಮತ್ತು ನೆಲದ ಮೇಲಿನ ಪ್ರತಿಯೊಂದು ದುಂಡು ಚುಕ್ಕೆಯೂ ಸೂರ್ಯನ ಒಂದು ಚಿತ್ರ.

ಇದೇ ತತ್ವವನ್ನು ನೋಡಲು ಹಂಪಿಗೆ ಹೋದವರೆಲ್ಲ ವಿರೂಪಾಕ್ಷ ದೇವಾಲಯದ ಹಿಂಭಾಗಕ್ಕೆ ಹೋಗುತ್ತಾರೆ. ಅಲ್ಲಿನ ಕತ್ತಲ ಕೋಣೆಯ ಗೋಡೆಯ ಮೇಲೆ ಮುಂದಿನ ದೊಡ್ಡ ಗೋಪುರದ ಬಿಂಬ ತಲೆಕೆಳಗಾಗಿ ಮೂಡಿರುತ್ತದೆ. ಗೋಡೆಯಲ್ಲಿರುವ ಸಣ್ಣ ಕಿಂಡಿಯ ಮೂಲಕ ಬಂದ ಬೆಳಕು ಅದನ್ನು ಬರೆಯುತ್ತದೆ. ಹಂಪಿಯಲ್ಲಿ ಗೋಪುರ, ಕಾಡಿನಲ್ಲಿ ಸೂರ್ಯ, ಕೆಲಸ ಒಂದೇ.

ಇದನ್ನು ಮನೆಯ ಹತ್ತಿರದ ತೋಟದಲ್ಲೇ ಅಳೆದು ನೋಡಬಹುದು. ಸೂರ್ಯ ನಮ್ಮಿಂದ ತನ್ನ ವ್ಯಾಸದ ಸುಮಾರು 108 ಪಟ್ಟು ದೂರದಲ್ಲಿದ್ದಾನೆ. ಜಪಮಾಲೆಯ ಮಣಿಗಳ ಸಂಖ್ಯೆಯೂ ಇಷ್ಟೇ ಆದ್ದರಿಂದ ನೆನಪಿಡುವುದು ಸುಲಭ. ಬೆಳಕಿನ ಚುಕ್ಕೆಗೂ ಅದೇ ಅನುಪಾತ ಅನ್ವಯಿಸುತ್ತದೆ. ಬಿಸಿಲು ಬರುವ ದಿಕ್ಕಿಗೆ ಎದುರಾಗಿ ಬಿಳಿಯ ರಟ್ಟೊಂದನ್ನು ಹಿಡಿದು, ಅದರ ಮೇಲೆ ಬಿದ್ದ ಸಣ್ಣ ದುಂಡು ಚುಕ್ಕೆಯ ಅಗಲವನ್ನು ಅಳೆದು 108ರಿಂದ ಗುಣಿಸಿದರೆ ಆ ಬೆಳಕು ತೂರಿಬಂದ ಸಂದಿಯ ದೂರ ಸಿಗುತ್ತದೆ. ಚುಕ್ಕೆ 9 ಸೆಂಟಿಮೀಟರ್ ಇದ್ದರೆ ಸಂದಿ ಸುಮಾರು ಹತ್ತು ಮೀಟರ್ ದೂರದಲ್ಲಿದೆ ಎಂದರ್ಥ. ಸಂದಿ ದೊಡ್ಡದಾಗಿದ್ದರೆ ಮಾತ್ರ ಈ ಲೆಕ್ಕ ತಪ್ಪುತ್ತದೆ. ಆಗ ನೆಲದ ಮೇಲೆ ಬೀಳುವುದು ಸಂದಿಯದೇ ಆಕಾರ.

ಗ್ರಹಣದ ದಿನ ಈ ಎಲೆ ಕ್ಯಾಮೆರಾಗಳ ಮಹತ್ವ ಇನ್ನೂ ಚೆನ್ನಾಗಿ ತಿಳಿಯುತ್ತದೆ. 1980ರ ಫೆಬ್ರುವರಿ 16ರಂದು ಪೂರ್ಣ ಸೂರ್ಯಗ್ರಹಣದ ನೆರಳು ಅಂಕೋಲಾ, ಹುಬ್ಬಳ್ಳಿ, ರಾಯಚೂರು ಸೀಮೆಗಳ ಮೇಲೆ ಹಾದುಹೋಯಿತು. ದಾವಣಗೆರೆ ಆ ಪಟ್ಟಿಯ ಹೊರಗಿದ್ದರೂ ಇಲ್ಲಿಯೂ ಸೂರ್ಯನ ಬಹುಭಾಗ ಮುಚ್ಚಿತ್ತು. ದೇಶದ ಹಲವೆಡೆ ಜನ ಹೆದರಿ ಬಾಗಿಲು ಹಾಕಿಕೊಂಡು ಕುಳಿತಿದ್ದರಿಂದ ಬೀದಿಗಳು ಬಣಗುಟ್ಟಿದವು. ಅದೇ ಹೊತ್ತಿನಲ್ಲಿ ಮರಗಳ ಕೆಳಗಿನ ದುಂಡು ಚುಕ್ಕೆಗಳೆಲ್ಲ ಕುಡುಗೋಲಿನ ಆಕಾರಕ್ಕೆ ತಿರುಗುತ್ತವೆ ಎಂಬುದು, ಆಕಾಶವನ್ನು ನೋಡದೆಯೇ ಗ್ರಹಣವನ್ನು ನೋಡಬಹುದು ಎಂಬುದು ಬಹಳ ಜನರಿಗೆ ತಿಳಿದಿರಲಿಲ್ಲ. 2019ರ ಡಿಸೆಂಬರ್ 26ರ ಬೆಳಿಗ್ಗೆ ಕಾಸರಗೋಡು ಮತ್ತು ಕೊಡಗಿನ ಕೆಲವೆಡೆ ಕಂಕಣಗ್ರಹಣ ಕಂಡಾಗ ಪರಿಸ್ಥಿತಿ ಬದಲಾಗಿತ್ತು. ಕುಟುಂಬಗಳೇ ಹೊರಬಂದು ನೋಡಿದವು. 2031ರ ಮೇ 21ರಂದು ಕೇರಳ, ತಮಿಳುನಾಡಿನ ಮೇಲೆ ಮತ್ತೊಂದು ಕಂಕಣಗ್ರಹಣ ಹಾದುಹೋಗಲಿದೆ. ಕರ್ನಾಟಕದಲ್ಲಿ ಅದು ಪಾರ್ಶ್ವಗ್ರಹಣ. ಆ ದಿನ ಮರದ ನೆರಳಿಗೆ ಕ್ಯಾಮೆರಾ ಹಿಡಿದವರಿಗೆ ಸೂರ್ಯನ ನೂರಾರು ಚಿತ್ರಗಳು ಒಮ್ಮೆಲೇ ಸಿಗುತ್ತವೆ.

ಸಂಡೂರಿನ ಛಾಯಾಗ್ರಾಹಕ

ಕಾಡಿನ ಬೆಳಕನ್ನು ಚಿತ್ರಕ್ಕಿಳಿಸಿದವರ ಒಂದು ದೊಡ್ಡ ಪರಂಪರೆಯೇ ಕರ್ನಾಟಕದಲ್ಲಿದೆ. ಬೆಂಗಳೂರಿನ ಇ. ಹನುಮಂತರಾವ್, ಟಿ.ಎನ್.ಎ. ಪೆರುಮಾಳ್ ಅವರು ವನ್ಯಜೀವಿ ಛಾಯಾಗ್ರಹಣದಲ್ಲಿ ಹೊರದೇಶಗಳಲ್ಲೂ ಹೆಸರು ಮಾಡಿದರು. ಮೂಡಿಗೆರೆಯಲ್ಲಿ ನೆಲೆಸಿದ್ದ ಕೆ.ಪಿ. ಪೂರ್ಣಚಂದ್ರ ತೇಜಸ್ವಿ ಹಕ್ಕಿಗಳ ಬೆನ್ನು ಹತ್ತಿ ಕ್ಯಾಮೆರಾ ಹೊತ್ತು ತಿರುಗಿದವರು. ಈ ಸಾಲಿನಲ್ಲಿ ಬಿಸಿಲು ನೆರಳನ್ನೇ ತಮ್ಮ ಪುಸ್ತಕದ ಹೆಸರಾಗಿಸಿಕೊಂಡವರು ಸಂಡೂರಿನ ಎಂ.ವೈ. ಘೋರ್ಪಡೆ.

ಸಂಡೂರು ರಾಜಮನೆತನದಲ್ಲಿ 1931ರಲ್ಲಿ ಹುಟ್ಟಿದ ಘೋರ್ಪಡೆ ಕೇಂಬ್ರಿಜ್‌ನಲ್ಲಿ ಅರ್ಥಶಾಸ್ತ್ರ ಓದಿದವರು. 1972ರಿಂದ 1977ರವರೆಗೆ ದೇವರಾಜ ಅರಸು ಅವರ ಸಂಪುಟದಲ್ಲಿ ಹಣಕಾಸು ಸಚಿವರಾಗಿದ್ದರು. ಮುಂದೆ ಗ್ರಾಮೀಣಾಭಿವೃದ್ಧಿ ಮತ್ತು ಪಂಚಾಯತ್ ರಾಜ್ ಖಾತೆಯನ್ನೂ ನಿರ್ವಹಿಸಿದರು. ರಾಜಕಾರಣದ ನಡುವೆಯೇ ಬಂಡೀಪುರದಂಥ ಕಾಡುಗಳಲ್ಲಿಯೂ ಸಂಡೂರಿನ ಸುತ್ತಲ ಬೆಟ್ಟಗಳಲ್ಲಿಯೂ ಕ್ಯಾಮೆರಾ ಹಿಡಿದು ಕಾದು ಕುಳಿತರು. 1983ರಲ್ಲಿ ಲಂಡನ್ನಿನಲ್ಲಿ ಪ್ರಕಟವಾದ ಅವರ ಪುಸ್ತಕದ ಹೆಸರು 'ಸನ್‌ಲೈಟ್ ಅಂಡ್ ಶ್ಯಾಡೋಸ್'. ಅಂತರರಾಷ್ಟ್ರೀಯ ಛಾಯಾಚಿತ್ರ ಕಲಾ ಒಕ್ಕೂಟ ಅವರಿಗೆ 'ಮಾಸ್ಟರ್ ಫೋಟೋಗ್ರಾಫರ್' ಮನ್ನಣೆ ನೀಡಿತು. 1994ರಲ್ಲಿ ಘೋಷಣೆಯಾದ ದರೋಜಿ ಕರಡಿಧಾಮದ ಹಿಂದೆಯೂ ಅವರ ಆಸಕ್ತಿ ಇತ್ತು. 2011ರಲ್ಲಿ ಅವರು ತೀರಿಕೊಂಡರು.

ಘೋರ್ಪಡೆಯವರ ಪ್ರಸಿದ್ಧ ಚಿತ್ರಗಳು ಕಪ್ಪು-ಬಿಳುಪಿನವು. ಹಸಿರಿನ ಆಕರ್ಷಣೆ ಇಲ್ಲದ ಕಾಡಿನಲ್ಲಿ ಛಾಯಾಗ್ರಾಹಕನ ಕೈಯಲ್ಲಿ ಉಳಿಯುವುದು ಬೆಳಕಿನ ತರತಮ ಒಂದೇ. ಆನೆಯ ಬೆನ್ನಿನ ಅಂಚಿಗೆ ತಾಗಿದ ಬಿಸಿಲು, ಹುಲ್ಲಿನ ತುದಿಯ ಹೊಳಪು, ಹಿನ್ನೆಲೆಯ ಕತ್ತಲು ಇವುಗಳಿಂದಲೇ ಚಿತ್ರ ನಿಲ್ಲಬೇಕು. ಇಂದು ಅಭ್ಯಾಸ ಮಾಡುವವರಿಗೂ ಇದು ಒಳ್ಳೆಯ ದಾರಿ. ಮೊಬೈಲನ್ನು ಕಪ್ಪು-ಬಿಳುಪಿಗೆ ಬದಲಾಯಿಸಿಕೊಂಡು ಕಾಡಿನಲ್ಲಿ ಒಂದು ಗಂಟೆ ನಡೆದರೆ ಬೆಳಕು ಎಲ್ಲಿದೆ, ಎಲ್ಲಿಲ್ಲ ಎಂಬುದು ಕಣ್ಣಿಗೆ ಹೊಳೆಯತೊಡಗುತ್ತದೆ.

ಕಾಡಿಗೊಂದು ಬಿಸಿಲು

ಬಿಸಿಲಿನ ಚಿತ್ರವೆಂದರೆ ಮಲೆನಾಡಿಗೇ ಹೋಗಬೇಕು ಎಂಬ ಭಾವನೆ ಬಯಲುಸೀಮೆಯಲ್ಲಿದೆ. ವರ್ಷಕ್ಕೆ 7,000 ಮಿಲಿಮೀಟರಿಗೂ ಹೆಚ್ಚು ಮಳೆ ಬೀಳುವ ಆಗುಂಬೆಯ ಕಾಡು ಒಂದು ಬಗೆ. ಅದರ ಹತ್ತನೆಯ ಒಂದು ಪಾಲಿಗೂ ತುಸು ಕಡಿಮೆ ಮಳೆಯಲ್ಲಿ ಬದುಕುವ ದಾವಣಗೆರೆ ಜಿಲ್ಲೆಯ ಕಾಡು ಇನ್ನೊಂದು ಬಗೆ. ಧೂಪ, ಬಲಗಿ, ಸುರಹೊನ್ನೆ ಬೆಳೆಯುವ ನಿತ್ಯಹಸುರಿನ ಕಾಡಿನಲ್ಲಿ ಎಲೆಯ ಚಾವಣಿ ವರ್ಷವಿಡೀ ಮುಚ್ಚಿರುತ್ತದೆ. ಬಿಸಿಲು ಅಲ್ಲಲ್ಲಿ ತೂತು ಕೊರೆದಂತೆ ಕೆಳಗಿಳಿಯುತ್ತದೆ. ಮರವೊಂದು ಉರುಳಿದ ಕಡೆ ಮಾತ್ರ ಬೆಳಕಿನ ಅಂಗಳ ತೆರೆದುಕೊಳ್ಳುತ್ತದೆ.

ಹರಿಹರದ ದಾರಿಯ ಕೊಂಡಜ್ಜಿ ಗುಡ್ಡ, ಚನ್ನಗಿರಿ ತಾಲ್ಲೂಕಿನ ಸೂಳೆಕೆರೆಯ ಸುತ್ತಲ ಬೆಟ್ಟ, ಜಗಳೂರು ತಾಲ್ಲೂಕಿನ ರಂಗಯ್ಯನದುರ್ಗ ಇವು ಕುರುಚಲು ಮತ್ತು ಎಲೆ ಉದುರುವ ಕಾಡಿನ ಜಾಗಗಳು. ಕೊಂಡುಕುರಿಯ ರಕ್ಷಣೆಗೆಂದು 2011ರಲ್ಲಿ ರಂಗಯ್ಯನದುರ್ಗದ 77 ಚದರ ಕಿಲೋಮೀಟರ್ ಪ್ರದೇಶವನ್ನು ವನ್ಯಜೀವಿಧಾಮವಾಗಿ ಘೋಷಿಸಲಾಯಿತು. ಇಂಥ ಕಾಡಿನಲ್ಲಿ ಮರಗಳು ಎತ್ತರವಿಲ್ಲ, ಚಾವಣಿ ತೆಳು. ಇಲ್ಲಿ ಬಿಸಿಲು ಜರಡಿ ಹಿಡಿದಂತೆ ಹರಡಿ ಬೀಳುತ್ತದೆ. ಫೆಬ್ರುವರಿ-ಮಾರ್ಚ್ ಹೊತ್ತಿಗೆ ಎಲೆ ಉದುರಿದ ಮೇಲೆ ಮರಗಳು ನೆರಳನ್ನು ಗೆರೆಗಳಾಗಿ ಬರೆಯುತ್ತವೆ. ಆಗ ಬರಿ ಕೊಂಬೆಯ ತುಂಬ ಅರಳುವ ಮುತ್ತುಗದ ಹೂವಿಗೆ ಹಿಂದಿನಿಂದ ಬಿದ್ದ ಬಿಸಿಲು ಬೆಂಕಿಯ ಬಣ್ಣ ಕೊಡುತ್ತದೆ.

ಎಲೆಯೂ ಇರಬೇಕು, ಮಂಜೂ ಇರಬೇಕು ಎಂದರೆ ಬಯಲುಸೀಮೆಯ ಕಾಡಿನಲ್ಲಿ ಸಿಗುವ ಕಾಲ ಕಿರಿದು. ಮಳೆ ನಿಂತು ಚಳಿ ಕಾಲಿಡುವ ಅಕ್ಟೋಬರ್ ಕೊನೆಯಿಂದ ಡಿಸೆಂಬರ್ ತನಕದ ಬೆಳಗುಗಳು ಇದಕ್ಕೆ ಅನುಕೂಲ. ಏಪ್ರಿಲ್ ಕೊನೆ ಮತ್ತು ಆಗಸ್ಟ್ ಮಧ್ಯದಲ್ಲಿ ದಾವಣಗೆರೆಯ ನಡುಹಗಲಿನ ಸೂರ್ಯ ನೇರ ನೆತ್ತಿಯ ಮೇಲಿರುತ್ತಾನೆ. ಡಿಸೆಂಬರ್ ಕೊನೆಯಲ್ಲಿ ನಡುಹಗಲಿಗೂ ಅವನು 52 ಡಿಗ್ರಿಗಿಂತ ಮೇಲೇರುವುದಿಲ್ಲ. ಓರೆ ಬಿಸಿಲು ದಿನದ ಹೆಚ್ಚು ಹೊತ್ತು ಸಿಗುವುದು ಆಗಲೇ.

ಕಾಲ ಕಿರಿದು ಎಂಬ ಮಾತು ನಿಮಿಷಗಳಿಗೂ ಸಲ್ಲುತ್ತದೆ. ಆಕಾಶದಲ್ಲಿ ಸೂರ್ಯ ತನ್ನ ಬಿಂಬದಷ್ಟು ದೂರ ಸರಿಯಲು ತೆಗೆದುಕೊಳ್ಳುವುದು ಎರಡು ನಿಮಿಷಕ್ಕೆ ತುಸು ಹೆಚ್ಚು. ಅವನ ಬಿಂಬಗಳೇ ಆದ ನೆಲದ ಚುಕ್ಕೆಗಳೂ ಅಷ್ಟೇ ಸಮಯದಲ್ಲಿ ತಮ್ಮ ಅಗಲದಷ್ಟು ಸರಿದುಬಿಡುತ್ತವೆ. ಜರಿಗಿಡವೊಂದರ ಮೇಲೆ ಬಿದ್ದ ಬಿಸಿಲನ್ನು ಕಂಡು ಚೀಲ ಇಳಿಸಿ, ಕ್ಯಾಮೆರಾ ತೆಗೆದು, ಮಸೂರ ಬದಲಿಸುವಷ್ಟರಲ್ಲಿ ಬಿಸಿಲು ಪಕ್ಕದ ಕಲ್ಲಿನ ಮೇಲಿರುತ್ತದೆ. ಹಿಂದೆ ಓಡುವುದಕ್ಕಿಂತ, ಅದು ಎಲ್ಲಿಗೆ ಬರುತ್ತದೆಂದು ಊಹಿಸಿ ಅಲ್ಲಿ ಕಾಯುವುದು ಮೇಲು.

ಹೊಗೆಯ ಹುಚ್ಚು

ಕಾಯುವ ತಾಳ್ಮೆ ಇಲ್ಲದವರು ಅಡ್ಡದಾರಿ ಹಿಡಿಯುವುದುಂಟು. ಮಂಜಿಲ್ಲದ ದಿನ ತರಗೆಲೆಗೆ ಬೆಂಕಿ ಹಚ್ಚಿ, ಇಲ್ಲವೇ ಹೊಗೆ ಕಾರುವ ಪಟಾಕಿ ಉರಿಸಿ ಬಿಸಿಲುಕೋಲು ಮೂಡಿಸುವ ಯತ್ನಗಳು ನಡೆಯುತ್ತವೆ. ಚಿತ್ರಕ್ಕೆ ಇದರಿಂದ ಲಾಭವಾಗಬಹುದು. ಕಾಡಿಗೆ ಆಗುವ ನಷ್ಟ ಹೇಳತೀರದು. ಎಲೆ ಉದುರುವ ಕಾಡಿನ ನೆಲದಲ್ಲಿ ಬೇಸಿಗೆಗೆ ಒಣ ತರಗು, ಹುಲ್ಲು ತುಂಬಿರುತ್ತವೆ. ಒಂದು ಕಿಡಿ ಸಾಕು. 2019ರ ಫೆಬ್ರುವರಿಯಲ್ಲಿ ಬಂಡೀಪುರದಲ್ಲಿ ಹರಡಿದ ಬೆಂಕಿಗೆ ಸಾವಿರಾರು ಎಕರೆ ಕಾಡು ಸುಟ್ಟುಹೋದದ್ದನ್ನು ನಾಡು ಇನ್ನೂ ಮರೆತಿಲ್ಲ. ಮೀಸಲು ಅರಣ್ಯದಲ್ಲಿ ಬೆಂಕಿ ಹಚ್ಚುವುದು 1963ರ ಕರ್ನಾಟಕ ಅರಣ್ಯ ಕಾಯ್ದೆಯಡಿ ಅಪರಾಧ. ಬಿಸಿಲಿಗೆ ಆಕಾರ ಕೊಡುವ ಎಲೆಯನ್ನೇ ಸುಟ್ಟು ಬಿಸಿಲಿನ ಚಿತ್ರ ತೆಗೆಯುವುದು ಬೇರಿಗೆ ಕೊಡಲಿ ಹಾಕಿ ಹಣ್ಣು ಬಯಸಿದಂತೆ.

ಜನಸಂದಣಿಯೂ ಒಂದು ಸಮಸ್ಯೆ. ಸೂರ್ಯೋದಯದ ಬೆಳಕಿಗೆಂದು ಎಲ್ಲರೂ ಒಂದೇ ಬೆಟ್ಟಕ್ಕೆ, ಒಂದೇ ದಿನ ಹೊರಡುತ್ತಾರೆ. 2024ರ ಗಣರಾಜ್ಯೋತ್ಸವದ ರಜೆಯಲ್ಲಿ ಕುಮಾರಪರ್ವತದ ದಾರಿಯಲ್ಲಿ ಸಾವಿರಾರು ಚಾರಣಿಗರು ಒಮ್ಮೆಲೇ ಸೇರಿದರು. ಅದರ ಬೆನ್ನಲ್ಲೇ ಆನ್‌ಲೈನ್ ನೋಂದಣಿ ವ್ಯವಸ್ಥೆ ಇಲ್ಲದ ಚಾರಣ ಪಥಗಳಿಗೆ ಸರ್ಕಾರ ತಾತ್ಕಾಲಿಕ ತಡೆ ಹಾಕಿತು. ಅದೇ ವರ್ಷ ನೋಂದಣಿಯ ಹೊಸ ವ್ಯವಸ್ಥೆ ಜಾರಿಗೆ ಬಂದಿತು. ವನ್ಯಜೀವಿಧಾಮಗಳಿಗೆ ಅರಣ್ಯ ಇಲಾಖೆಯ ಅನುಮತಿ ಇಲ್ಲದೆ ಕಾಲಿಡುವಂತಿಲ್ಲ. ದಾರಿ ಬಿಟ್ಟು ನುಗ್ಗಿದರೆ ತುಳಿತಕ್ಕೆ ಸಿಗುವುದು ಬಿಸಿಲಿನ ಚುಕ್ಕೆಗೆ ಬಾಯ್ದೆರೆದು ಕುಳಿತ ಎಳೆಯ ಸಸಿಗಳು.

ಚಿತ್ರವೇ ಅಳತೆಗೋಲು

ಸಸಿಗಳ ಈ ಮಾತು ಅಲಂಕಾರಕ್ಕೆ ಹೇಳಿದ್ದಲ್ಲ. ದಟ್ಟ ಕಾಡಿನ ನೆಲದಲ್ಲಿ ಬೆಳೆಯುವ ಎಳೆಯ ಗಿಡಗಳಿಗೆ ದಿನವಿಡೀ ಸಿಗುವ ಬೆಳಕಿನಲ್ಲಿ ದೊಡ್ಡ ಪಾಲು, ಕೆಲವು ಕಾಡುಗಳಲ್ಲಿ ಅರ್ಧಕ್ಕೂ ಹೆಚ್ಚು, ಈ ಚಲಿಸುವ ಬಿಸಿಲಿನ ಚುಕ್ಕೆಗಳಿಂದಲೇ ಬರುತ್ತದೆ. ಕೆಲವೇ ನಿಮಿಷ ಮೈಮೇಲೆ ಹಾದುಹೋಗುವ ಚುಕ್ಕೆ ಆ ಗಿಡದ ಅಂದಿನ ಊಟ. ಚಾವಣಿ ಬಹಳ ಮುಚ್ಚಿದರೆ ಸಸಿ ಹಸಿಯುತ್ತದೆ. ಬಹಳ ತೆರೆದರೆ ಲಂಟಾನದಂಥ ಕಳೆ ನುಗ್ಗಿ ಸಸಿಯನ್ನು ಮುಚ್ಚಿಹಾಕುತ್ತದೆ.

ಈ ಕಾರಣಕ್ಕೆ ವಿಜ್ಞಾನಿಗಳೂ ಕಾಡಿನ ಬಿಸಿಲಿನ ಚಿತ್ರ ತೆಗೆಯುತ್ತಾರೆ. 1924ರಲ್ಲಿ ಕೇಂಬ್ರಿಜ್‌ನ ರಾಬಿನ್ ಹಿಲ್ ಇಡೀ ಆಕಾಶವನ್ನು ಒಂದೇ ಚಿತ್ರದಲ್ಲಿ ಹಿಡಿಯಬಲ್ಲ ಮೀನುಗಣ್ಣಿನ ಮಸೂರವನ್ನು ಮೋಡಗಳ ಅಧ್ಯಯನಕ್ಕೆಂದು ರೂಪಿಸಿದ. 1959ರಲ್ಲಿ ಇವಾನ್ಸ್ ಮತ್ತು ಕೂಂಬ್ ಎಂಬ ಸಸ್ಯವಿಜ್ಞಾನಿಗಳು ಅದನ್ನು ಕಾಡಿನೊಳಗಿಟ್ಟು ಮೇಲ್ಮುಖವಾಗಿ ಚಿತ್ರ ತೆಗೆದರು. ಆ ದುಂಡು ಚಿತ್ರದ ಮೇಲೆ ಸೂರ್ಯನ ಪಥವನ್ನು ಗೆರೆ ಎಳೆದರೆ ವರ್ಷದ ಯಾವ ದಿನ, ಯಾವ ಹೊತ್ತಿಗೆ ಆ ಜಾಗಕ್ಕೆ ನೇರ ಬಿಸಿಲು ಬೀಳುತ್ತದೆಂದು ಲೆಕ್ಕ ಹಾಕಬಹುದು. ಡಿಜಿಟಲ್ ಕ್ಯಾಮೆರಾ ಬಂದ ಮೇಲೆ ಈ ವಿಧಾನ ಇನ್ನೂ ಸುಲಭವಾಗಿದೆ.

ಸಾಮಾನ್ಯ ಚಾರಣಿಗನೂ ಇಂಥದ್ದೇ ಕೆಲಸವನ್ನು ಸಣ್ಣ ಪ್ರಮಾಣದಲ್ಲಿ ಮಾಡಬಹುದು. ತನ್ನ ಊರಿನ ಹತ್ತಿರದ, ಹೋಗಲು ಅನುಮತಿ ಇರುವ ಕಾಡನ್ನೇ ಆರಿಸಿಕೊಂಡು, ಪ್ರತಿ ವರ್ಷ ಅದೇ ತಿಂಗಳು, ಅದೇ ಹೊತ್ತಿಗೆ, ಅದೇ ಬಂಡೆಯ ಪಕ್ಕ ನಿಂತು ಒಂದು ಚಿತ್ರ ತೆಗೆದು, ತಾರೀಖು ಬರೆದಿಟ್ಟರೆ ಸಾಕು. ಹತ್ತು ವರ್ಷದ ನಂತರ ಆ ಹತ್ತು ಚಿತ್ರಗಳನ್ನು ಸಾಲಾಗಿ ಇಟ್ಟು ನೋಡಿದರೆ ಬಿಸಿಲಿನ ಚುಕ್ಕೆ ದೊಡ್ಡದಾಗಿದೆಯೇ, ಬಿಸಿಲುಕೋಲುಗಳ ಸಂಖ್ಯೆ ಕಡಿಮೆಯಾಗಿದೆಯೇ, ನೆರಳು ಎಷ್ಟು ಉಳಿದಿದೆ ಎಂಬುದೆಲ್ಲ ಗೊತ್ತಾಗುತ್ತದೆ. ಬೆಟ್ಟ ಬೋಳಾದ ಮೇಲೂ ಬಿಸಿಲಿಗೇನೂ ಕೊರತೆಯಾಗದು. ಬಿಸಿಲುಕೋಲು ಮಾತ್ರ ಮರವಿರುವ ತನಕ.